ಸಂಕವ್ವನ ಪಾವಟಿಗೆ

ಆ ಮುಂಜಾನೆ ಮಳೆ ಬರುವುದೆಂದು ಆಕಾಶ ಹೇಳುತ್ತಿತ್ತು, ಬರುವುದಿಲ್ಲವೆಂದು ಗಾಳಿ ಹೇಳುತ್ತಿತ್ತು. ಮಹಾನವಮಿ ಹತ್ತಿರವಾಗಿತ್ತು. ಕುಂಬಾರ ಓಣಿಯವರೆಲ್ಲ ಅಂಗಳಕ್ಕೆ ಬಂದು, ಗಡಿಗೆ ಸುಡುವ ಆವಿಗೆಗೆ ಬೆಂಕಿ ಇಡುವುದೋ ಬೇಡವೋ ಎಂದು ಹಣೆಗೆ ಕೈ ಮರೆಮಾಡಿ ಮೋಡ ನೋಡುತ್ತಿದ್ದರು. ಅಂಥ ತೂಕಡಿಸುವ ಬೆಳಕಿನಲ್ಲಿ, ದಾವಲಸಾಬನ ವೆಲ್ಡಿಂಗ್ ಅಂಗಡಿಯ ಮುಂದೆ, ಕಿಡಿಗಳ ನಡುವೆ ನಾನು ಹುಟ್ಟಿದೆ.

ನಾನು ಒಂದು ಪಾವಟಿಗೆ. ಪಿಕಪ್ ಗಾಡಿಯ ಹಿಂಬದಿಗೆ ತೂಗುಬಿಡುವ, ಕಾಲಿಟ್ಟು ಮೇಲೇರುವ ಒಂದೇ ಒಂದು ಮೆಟ್ಟಿಲು. ಹುಟ್ಟಿದೆ ಎಂದೆನಲ್ಲ, ಅದು ನನ್ನ ಎರಡನೆಯ ಹುಟ್ಟು. ಅದಕ್ಕೂ ಮೊದಲು ನಾನು ಒಂದು ಚಕ್ಕಡಿಯ ಗಾಲಿಗೆ ಕಟ್ಟಿದ ಕಬ್ಬಿಣದ ಹಳಿಯಾಗಿದ್ದೆ. ಸಂಕವ್ವನ ಗಂಡ ಆ ಚಕ್ಕಡಿಯಲ್ಲಿ ಗಡಿಗೆ ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದ. ಅವನು ಶಿವನ ಪಾದ ಸೇರಿದ ಮೇಲೆ ಎತ್ತುಗಳು ಹೋದವು, ಗಾಲಿಯ ಕಟ್ಟಿಗೆ ಒಲೆಗೆ ಹೋಯಿತು. ನಾನೊಬ್ಬನೇ ಸಂಕವ್ವನ ಹಿತ್ತಲ ಗೋಡೆಗೆ ಒರಗಿಕೊಂಡು ಉಳಿದೆ. ಒಂದು ಬಳ್ಳಿ ನನ್ನನ್ನು ಆಸರೆ ಮಾಡಿಕೊಂಡು ಮೇಲೆ ಹೋಗಿತ್ತು. ತಿರುಗಿ ತಿರುಗಿ ದಣಿದವನಿಗೆ ಅದೂ ಒಂದು ಸುಖವೇ.

ಸಂಕವ್ವ ಯಾರೆಂದು ಹೇಳಬೇಕು. ಓಣಿಯಲ್ಲಿ ಗಡಿಗೆ ಮಾಡುವವರು ಹಲವರಿದ್ದರು. ಗಾಡಿಯಲ್ಲಿ ಗಡಿಗೆ ಹೇರುವವಳು ಮಾತ್ರ ಅವಳೊಬ್ಬಳೇ. ಬತ್ತದ ಹುಲ್ಲು ಹಾಸಿ, ಬಾಯಿಗೆ ಬುಡ, ಬುಡಕ್ಕೆ ಬಾಯಿ ಕೊಟ್ಟು ಅವಳು ಸಾಲು ಕಟ್ಟಿದರೆ ಹಳ್ಳದ ಕಲ್ಲುದಾರಿಯಲ್ಲೂ ಒಂದು ಗಡಿಗೆ ಇನ್ನೊಂದಕ್ಕೆ ಬಡಿಯುತ್ತಿರಲಿಲ್ಲ. ಇನ್ನೊಂದು ಮಾತು. ಹೇರುವ ಮೊದಲು ಪ್ರತಿ ಗಡಿಗೆಯನ್ನೂ ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದಳು. ಚೆನ್ನಾಗಿ ಬೆಂದ ಗಡಿಗೆ ಗಂಟೆಯಂತೆ ನುಡಿಯುತ್ತದೆ. ಅರೆಬೆಂದದ್ದು ಮೂಗಿಯಂತೆ ಸುಮ್ಮನಿರುತ್ತದೆ. ನುಡಿದ ಗಡಿಗೆಯ ಕೊರಳಿಗೆ, ಎಲೆ ಅಡಿಕೆಗೆಂದು ಸೊಂಟದಲ್ಲಿ ಸಿಕ್ಕಿಸಿಕೊಂಡ ಹಿತ್ತಾಳೆ ಡಬ್ಬಿಯಿಂದ ಸುಣ್ಣ ತೆಗೆದು ಹೆಬ್ಬೆಟ್ಟು ಒತ್ತುತ್ತಿದ್ದಳು. ಪೇಟೆಯ ಅಂಗಡಿಯವರು ಬೇರೇನೂ ನೋಡುತ್ತಿರಲಿಲ್ಲ. ಆ ಬಿಳಿ ಹೆಬ್ಬೆಟ್ಟು ಇದ್ದರೆ ಇಳಿಸಿಕೊಳ್ಳುತ್ತಿದ್ದರು.

ಅವಳನ್ನು ಚಿಗವ್ವ ಎಂದು ಕರೆಯುವ ಭಾವನ ಮಗ ಈರಬಸು ಹೊಸದಾಗಿ ಪಿಕಪ್ ತಂದಿದ್ದ. ಓಣಿಯ ಗಡಿಗೆಗಳೆಲ್ಲ ಇನ್ನು ಅದರಲ್ಲೇ ಪೇಟೆಗೆ ಹೋಗುವುದೆಂದಾಯಿತು. ಆದರೆ ಚಕ್ಕಡಿಯಷ್ಟು ತಗ್ಗಲ್ಲ ಪಿಕಪ್ಪು. ಸಂಕವ್ವನ ಮೊಣಕಾಲು ಆ ಎತ್ತರಕ್ಕೆ ಒಪ್ಪಲಿಲ್ಲ. ಮೊದಲ ಸಲ ಇಬ್ಬರು ಹೆಂಗಸರು ಅವಳ ರಟ್ಟೆ ಹಿಡಿದು, ಈರಬಸು ಹಿಂದಿನಿಂದ ದೂಡಿ, ಅಂತೂ ಮೇಲೆ ಹತ್ತಿಸಿದರು.

"ನನ್ನನ್ನ ಗಡಿಗಿ ಹೇರಾಕ ಕರದ್ರೋ, ನನ್ನನ್ನ ಹೇರಾಕ ಕರದ್ರೋ?" ಎಂದು ಅವಳು ಮೇಲಿನಿಂದಲೇ ಕೇಳಿದಳು. ಓಣಿಯೆಲ್ಲ ನಕ್ಕಿತು. ಅವಳೂ ನಕ್ಕಳು. ಮರುದಿನವೇ ನನ್ನನ್ನು ಬಳ್ಳಿಯಿಂದ ಬಿಡಿಸಿ, ತಲೆಯ ಮೇಲೆ ಹೊತ್ತು, ದಾವಲಸಾಬನ ಅಂಗಡಿಗೆ ತಂದಳು.

"ದಾವಲಣ್ಣ, ಇದು ನಮ್ಮ ಮನಿಯವರ ಹಳಿ. ಇದರಾಗ ಒಂದು ಪಾವಟಿಗಿ ಮಾಡಿಕೊಡು. ಅವ್ರು ಇದ್ದಾಗ ಇದರ ಮ್ಯಾಲೆ ಊರೂರು ತಿರಗೇನಿ. ಈಗ ಇದರ ಮ್ಯಾಲೆ ಕಾಲಿಟ್ಟು ಹತ್ತತೀನಿ."

ದಾವಲಸಾಬ ನನ್ನನ್ನು ಕಾಯಿಸಿ ನೇರ ಮಾಡಿದ, ತುಂಡು ಮಾಡಿದ, ಎರಡು ತೋಳು ಮಾಡಿದ, ನಡುವೆ ಕೆಸರು ಉದುರಿಹೋಗುವಂತೆ ಸಂದು ಬಿಟ್ಟು ಪಟ್ಟಿ ಕೂರಿಸಿದ. ಸಂಕವ್ವನನ್ನು ನಿಲ್ಲಿಸಿ ಅವಳ ಮೊಣಕಾಲಿನ ಅಳತೆಯನ್ನೇ ನನ್ನ ಎತ್ತರ ಮಾಡಿದ. ಆಮೇಲೆ ಪಿಕಪ್ಪಿನ ಚಾಸಿಗೆ ನನ್ನನ್ನು ಹಿಡಿದು, ವೆಲ್ಡಿಂಗಿನ ಕಡ್ಡಿ ಕೈಗೆತ್ತಿಕೊಂಡ.

"ಬ್ಯಾಡ, ಬ್ಯಾಡ!" ಎಂದಳು ಸಂಕವ್ವ. "ಹೊಸಾ ಗಾಡಿ. ಇನ್ನಾ ಒಂದು ಖಂಡೇಪೂಜಿ ಕಂಡಿಲ್ಲ. ಪೂಜಿಗಿಂತ ಮೊದಲ ಅದಕ್ಕ ಬೆಂಕಿ ತೋರಸಬ್ಯಾಡ. ಹುಡುಗ ದಿನಾ ರಸ್ತಾದ ಮ್ಯಾಲೆ ತಿರಗಾಂವ."

"ಯಕ್ಕಾ, ಬೆಂಕಿ ಕೊಟ್ರ ಸಾಯೂತನಕ ಬಿಡೂದಿಲ್ಲ. ಬೋಲ್ಟು ಹಾಕಿದ್ರ ಯಾವಾಗ ಬೇಕಾದ್ರೂ ಬಿಚ್ಚಬಹುದು."

"ಯಾರು ಬಿಚ್ಚತಾರ? ಮನ್ಯಾಗಿನ ಗಾಡಿ!"

ದಾವಲಸಾಬ ಈರಬಸುವಿನ ಮುಖ ನೋಡಿದ. ಈರಬಸು ತಲೆಯಾಡಿಸಿದ. ಕಬ್ಬಿಣಕ್ಕೆ ತೂತು ಕೊರೆದು ನಾಲ್ಕು ಬೋಲ್ಟು ಹಾಕಿ ನನ್ನನ್ನು ಬಿಗಿದರು. ತನ್ನ ಮೊಣಕಾಲಿಗಿಂತ ಭಾವನ ಮಗನ ಗಾಡಿಯ ಒಳಿತು ದೊಡ್ಡದೆಂದು ಆಕೆ ಆಡಿದ ಆ ಮಾತನ್ನು ಮುಂದೆ ನಾನು ಎಷ್ಟೋ ಸಲ ನೆನೆದೆ.

ಖಂಡೇಪೂಜೆ, ಅಂದರೆ ಆಯುಧಪೂಜೆಯ ದಿನ ಬಂತು. ಗಾಡಿ ತೊಳೆದು ಚೆಂಡುಹೂವಿನ ಮಾಲೆ ಹಾಕಿದ್ದರು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಸಂಕವ್ವ ನನ್ನ ಮೈಗೆ ವಿಭೂತಿ ಎಳೆದು ಕುಂಕುಮ ಇಟ್ಟಳು. ಈರಬಸುವಿಗೆ ಆ ಹೊತ್ತು ಮನಸ್ಸು ತುಂಬಿ ಬಂದಿರಬೇಕು. ಬಗ್ಗಿ, ನನ್ನ ಮೇಲೆ ಅಂಗೈ ಇಟ್ಟು, ಓಣಿಯವರೆಲ್ಲ ಕೇಳುವಂತೆ ಹೇಳಿದ:

"ಚಿಗವ್ವಾ, ಈ ಪಾವಟಿಗಿ ಗಾಡಿಗೆ ಇರೂತನಕ ಗಾಡಿ ನಿಂದು. ನಿನ್ನ ಹೆಬ್ಬೆಟ್ಟು ಬೀಳದ ಒಂದು ಗಡಿಗೀನೂ ಇದರಾಗ ಹೋಗೂದಿಲ್ಲ. ಬಸವಣ್ಣನ ಆಣಿ."

ಅವನ ಅಂಗೈಗೆ ನನ್ನ ಕುಂಕುಮ ಹತ್ತಿತು. ಅದನ್ನು ಅವನು ಹಣೆಗೆ ಒರೆಸಿಕೊಂಡ. ಕಬ್ಬಿಣಕ್ಕೆ ಹೆಮ್ಮೆ ಎನ್ನುವುದಿದ್ದರೆ ಅದು ಆವತ್ತು ನನಗಿತ್ತು.

ಆಮೇಲಿನ ದಿನಗಳು ಒಳ್ಳೆಯವು. ಸಂಕವ್ವ ಬಂದವಳೇ ಮೊದಲು ಚಪ್ಪಲಿ ಬಿಡುತ್ತಿದ್ದಳು. ಬಗ್ಗಿ ನನ್ನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಹೊಸ್ತಿಲಿಗೆ ಮಾಡುವಂತೆ. ಆಮೇಲೆ "ತಪ್ಪಾತಪ್ಪಾ" ಎಂದು ಮೆಲ್ಲಗೆ ನುಡಿದು ಕಾಲಿಡುತ್ತಿದ್ದಳು. ತುಳಿಯುವ ಮೊದಲು ಕ್ಷಮೆ ಕೇಳುವವರ ಪಾದ ಹಗುರ ಇರುತ್ತದೆ ಎಂಬುದನ್ನು ನಾನು ಅವಳಿಂದ ಕಲಿತೆ. ಮೇಲೆ ಕೂತು ಅವಳು ಗಡಿಗೆ ತಟ್ಟುವ ಸದ್ದು ತಗಡಿನ ಮೂಲಕ ಇಳಿದು ನನ್ನ ತನಕ ಬರುತ್ತಿತ್ತು. ಟಣ್. ಟಣ್. ಟಣ್. ಗುಡಿಯ ಕೆಳಗೆ ಕೂತಂತೆ ಇರುತ್ತಿತ್ತು ನನಗೆ.

ತುಂಬಿದ ಗಾಡಿ ಕುಸಿಯುತ್ತದೆ ಎಂಬುದು ಅಳತೆ ಮಾಡುವಾಗ ಯಾರಿಗೂ ಹೊಳೆದಿರಲಿಲ್ಲ. ಮೊದಮೊದಲು ಒಂದು ಸಲ ಹಳ್ಳದ ದಿಬ್ಬ ನನ್ನನ್ನು ಕೆರೆಯಿತು. ದಾವಲಸಾಬ ತೂತು ಬದಲಿಸಿ ತುಸು ಮೇಲೆ ಕಟ್ಟಿದ. ಆಮೇಲೆ ಯಾವತ್ತೂ ತಾಕಲಿಲ್ಲ. ಆ ಒಂದು ಗೀರು ಮಾತ್ರ ಮೈಮೇಲೆ ಉಳಿಯಿತು. ಇದನ್ನು ಯಾಕೆ ಹೇಳುತ್ತೇನೆಂದು ಮುಂದೆ ತಿಳಿಯುತ್ತದೆ.

ಈರಬಸುವಿಗೆ ಮದುವೆಯಾಯಿತು. ಶಾವಂತ್ರಿ ಎಂಬ ಹುಡುಗಿ ಮನೆ ತುಂಬಿದಳು. ಮೆದು ಮಾತಿನವಳು, ಕೈ ಚುರುಕು. ಸಂಕವ್ವ ಅವಳನ್ನು ಗಾಡಿಯ ಮೇಲೆ ಕರೆದು ಕೂರಿಸಿಕೊಂಡಳು. ಶಾವಂತ್ರಿಯ ಪಾದವೂ ನನ್ನ ಮೇಲೆ ಬಿತ್ತು. ಹಿರಿಯಳನ್ನು ನೋಡಿ ಅವಳೂ ಮೊದಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

"ಅತ್ತಿ, ಹುಲ್ಲು ಇಷ್ಟು ಸಾಕೇನ್ರಿ?"

"ಕೂಸಿಗೆ ಹಾಸಿದಂಗ ಹಾಸು ಸೊಸಿ. ಗಡಿಗಿಗೆ ತಾಯಿ ಹೊಟ್ಟಿ ನೆನಪಾಗಬೇಕು."

ಒಂದು ದಿನ ಶಾವಂತ್ರಿ ತಾನೊಬ್ಬಳೇ ಇಡೀ ಗಾಡಿ ಹೇರಿದಳು. ಪೇಟೆಯಲ್ಲಿ ಇಳಿಸಿ ನೋಡಿದರೆ ಒಂದೂ ಒಡೆದಿರಲಿಲ್ಲ. ಸಂಕವ್ವ ಸೊಂಟದಿಂದ ಸುಣ್ಣದ ಡಬ್ಬಿ ತೆಗೆದು ಅವಳ ಕೈಗಿಟ್ಟಳು. "ಇನ್ನ ನಿನ್ನ ಹತ್ರನ ಇರಲಿ. ನನಗ ಬೇಕಾದಾಗ ಚಾಚು. ಒತ್ತೂದು ನಾ ಇರೂತನಕ ನನ್ನ ಹೆಬ್ಬೆಟ್ಟ. ಆಮ್ಯಾಗ ನಿಂದು."

ಈರಬಸು ಅಲ್ಲೇ ನಿಂತಿದ್ದ. ಗಡಿಗೆ ಹೇರಲು ಮನೆಯಲ್ಲೇ ಇನ್ನೊಬ್ಬಳಿದ್ದಾಳೆ ಎಂದು ಅವನ ಕಣ್ಣಿಗೆ ಅಂದೇ ಬಿದ್ದಿರಬೇಕು.

ಆಮೇಲೆ ಪೇಟೆಯಲ್ಲಿ ಗಡಿಗೆಗೆ ಬೇಡಿಕೆ ಏರಿತು. ಈರಬಸುವಿಗೆ ಅವಸರ ಹತ್ತಿತು. ಆವಿಗೆ ಪೂರ್ತಿ ಆರುವ ಮೊದಲೇ ತೆಗೆಸತೊಡಗಿದ. ಕಟ್ಟಿಗೆಯನ್ನೂ ಕಡಿಮೆ ಮಾಡಿದ. ಗಡಿಗೆಗಳು ಹೊರಗಿನಿಂದ ಕೆಂಪಗೇ ಕಾಣುತ್ತಿದ್ದವು. ಆದರೆ ನನ್ನ ತನಕ ಬರುವ ಸದ್ದು ಬದಲಾಯಿತು. ಟಣ್. ಟಣ್. ಆಮೇಲೆ ಒಂದು ದಪ್ಪ್.

"ಏ ಈರಬಸು, ಇದು ಮಾತಾಡವಲ್ದು. ತಗಿ."

"ಗಡಿಗಿ ಯಾಕ ಮಾತಾಡಬೇಕಬೇ ಚಿಗವ್ವಾ? ಮಾತಾಡಾಕ ನೀ ಅದಿಯಲ್ಲ!"

ನಿಂತವರು ನಕ್ಕರು. ಸಂಕವ್ವ ನಗಲಿಲ್ಲ. ಮೂಗಿ ಗಡಿಗೆಗಳನ್ನು ಒಂದೊಂದಾಗಿ ಕೆಳಗೆ ಚಾಚಿದಳು. ದಿನ ಹೋದಂತೆ ಕೆಳಗೆ ಬರುವ ಗಡಿಗೆ ಹೆಚ್ಚಾದವು, ಮೇಲೆ ಉಳಿಯುವವು ಕಡಿಮೆಯಾದವು. ಈರಬಸು ಸಮಾಧಾನದಿಂದ ಹೇಳಿ ನೋಡಿದ, ಸಿಟ್ಟು ಮಾಡಿ ನೋಡಿದ.

"ಒಂದೆರಡು ಸೇರಿದ್ರ ಏನಾಗ್ತೈತಿ?"

"ನೀರು ತುಂಬಿದವರ ಮನ್ಯಾಗ ಕೇಳು, ಏನಾಗ್ತೈತಿ ಅಂತ. ಆ ಹೆಬ್ಬೆಟ್ಟು ನಂದಪ್ಪಾ. ಅದನ್ನ ನೋಡಿ ಕೊಡ ಹೊತ್ತುಕೊಂಡು ಹೋಗ್ತಾರ. ನಾ ಹೆಂಗ ಸುಳ್ಳು ಒತ್ತಲಿ?"

ಅವಳನ್ನು ಗಾಡಿಯಿಂದ ಇಳಿ ಎನ್ನಲು ಅವನಿಗೆ ಬಾಯಿ ಇರಲಿಲ್ಲ. ಆಣೆ ಇತ್ತಲ್ಲ. ದೈವಭೀರು ಮನುಷ್ಯ ಅವನು. ಸೋಮವಾರ ಉಪವಾಸ, ಗಾಡಿ ಚಾಲೂ ಮಾಡುವ ಮುನ್ನ ನಮಸ್ಕಾರ, ಎಲ್ಲವೂ ಉಂಟು. ಅಂಥವನು ಕೊಟ್ಟ ಮಾತು ಮುರಿಯುವುದಿಲ್ಲ ಎಂದು ನಾನು ನಿಶ್ಚಿಂತನಾಗಿದ್ದೆ. ನನ್ನ ಮೇಲೆ ಕೈಯಿಟ್ಟೇ ಅಲ್ಲವೇ ಅವನು ಹೇಳಿದ್ದು?

ಮತ್ತೊಂದು ಖಂಡೇಪೂಜೆಯ ಹಿಂದಿನ ದಿನ. ಸಂಕವ್ವ ಬಸವಣ್ಣನ ಗುಡಿ ಸಾರಿಸಲು ಹೋಗಿದ್ದಳು. ಈರಬಸು ಕೈಯಲ್ಲಿ ನಟ್ಟು ತಿರುಗಿಸುವ ಪಾನಾ ಹಿಡಿದು, ಒಂದು ಬಟ್ಟಲು ಎಣ್ಣೆಯೊಂದಿಗೆ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ. ಹಬ್ಬಕ್ಕೆ ತೊಳೆಯಲು ಬಂದಿದ್ದಾನೆ ಎಂದುಕೊಂಡೆ. ಅವನು ನಟ್ಟುಗಳಿಗೆ ಎಣ್ಣೆ ಬಿಟ್ಟ.

ಶಾವಂತ್ರಿ ಬಾಗಿಲಿಗೆ ಬಂದು ನಿಂತಳು. "ಯಾಕ್ರಿ ಬಿಚ್ಚಾಕತ್ತೀರಿ?"

"ಹಳ್ಳದಾಗ ತಾಕತೈತಿ."

"ಎಲ್ಲಿ ತಾಕತೈತ್ರಿ? ಅದು ಹಳೇ ಗೀರು. ಅದೂ ಅಲ್ದ ನಾಳೆ ಪೂಜಿ. ಇವತ್ತ ಯಾಕ?"

"ಅದಕ್ಕ ಇವತ್ತ." ಅವನು ತಲೆ ಎತ್ತಲಿಲ್ಲ. "ನಾಳೆ ಕುಂಕುಮ ಹಚ್ಚಿದ್ರ ಮಾತು ಮತ್ತ ಹೊಸಾದಾಗ್ತೈತಿ. ಪಾವಟಿಗಿ ಇರೂತನಕ ಅಂದಿದ್ನಲ್ಲ? ಅದು ಇಲ್ಲಂದ್ರ ಆಣೀನೂ ಇಲ್ಲ. ನಾ ಆಣಿ ಮುರಿಯೂ ಮನಷ್ಯಾ ಅಲ್ಲ."

ನಾಲ್ಕು ಬೋಲ್ಟೂ ಸುಲಭವಾಗಿ ಬಂದವು. ಬೆಂಕಿ ಕೊಟ್ಟಿದ್ದರೆ ಬರುತ್ತಿರಲಿಲ್ಲ. ನನ್ನನ್ನು ಎತ್ತಿದವನು, ಏನೆಂದು ಹೇಳಲಿ, ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಆಮೇಲೆ ಗೋಡೆಗೆ ಒರಗಿಸಿದ. ದೇವರಿಗೆ ಮೋಸ ಮಾಡುವಾಗಲೂ ಮನುಷ್ಯ ಚಪ್ಪಲಿ ಬಿಟ್ಟೇ ಒಳಗೆ ಹೋಗುತ್ತಾನೆ. ಆ ಒತ್ತಿಕೊಂಡ ಕೈ ನನ್ನನ್ನು ಪಾನಾಕ್ಕಿಂತ ಹೆಚ್ಚು ನೋಯಿಸಿತು.

ಮರುದಿನ ಬೆಳಿಗ್ಗೆ ಸಂಕವ್ವ ಪೂಜೆಯ ತಾಟು ಹಿಡಿದು ಬಂದಳು. ಚಪ್ಪಲಿ ಬಿಟ್ಟಳು. ರೂಢಿಯಂತೆ ಬಗ್ಗಿ ಕೈ ಚಾಚಿದಳು. ಕೈಗೆ ಏನೂ ಸಿಗಲಿಲ್ಲ. ಕಣ್ಣು ಮಂಜಾಗಿದೆಯೆಂದು ತಿಳಿದಳೋ ಏನೋ, ಕಾಲನ್ನೂ ಎತ್ತಿದಳು. ಆ ಕಾಲು ಗಾಳಿಯಲ್ಲಿ ನಿಂತಿತು. ಗಾಡಿಯ ಹಿಂಬದಿ ಹಿಡಿದುಕೊಂಡು ಮೆಲ್ಲಗೆ ಅದನ್ನು ನೆಲಕ್ಕಿಟ್ಟಳು. ಆಮೇಲೆ ನೋಡಿದಳು, ನಾಲ್ಕು ತೂತು.

"ಹಳ್ಳದಾಗ ತಾಕಿತ್ತು ಚಿಗವ್ವಾ. ರಿಪೇರಿ ಮಾಡಿಸಿ ಹಾಕಸ್ತೀನಿ," ಎಂದ ಈರಬಸು. ಹೂವಿನ ಮಾಲೆ ಸರಿಮಾಡುವ ನೆಪದಲ್ಲಿ ಮುಖ ಆಚೆ ಮಾಡಿಕೊಂಡಿದ್ದ.

ಸಂಕವ್ವ ಗೋಡೆಯ ಕಡೆ ತಿರುಗಿ ನನ್ನನ್ನು ನೋಡಿದಳು. ನಾನು ಬಾಗಿರಲಿಲ್ಲ, ಮುರಿದಿರಲಿಲ್ಲ. ನಾನು ಅವಳ ಗಂಡನ ಹಳಿ. ನನ್ನ ಮೈಯ ಒಂದೊಂದು ಗೀರೂ ಅವಳಿಗೆ ಗೊತ್ತು. ಕೂಗಾಡುತ್ತಾಳೆ ಎಂದುಕೊಂಡೆ. ಅವಳು ತಾಟಿನಿಂದ ಕುಂಕುಮ ತೆಗೆದು ಆ ನಾಲ್ಕು ತೂತುಗಳಿಗೆ ಒಂದೊಂದೇ ಬೊಟ್ಟು ಇಟ್ಟಳು. "ಗಾಡಿ ಛಲೋ ಇರಲಿ," ಎಂದಳು. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದಳು. ಮತ್ತೆ ಅವಳು ಆ ಅಂಗಳಕ್ಕೆ ಬರಲಿಲ್ಲ.

ನನ್ನ ಮೂರನೆಯ ಜೀವನ ಈರಬಸುವಿನ ಅಡಿಗೆಮನೆಯ ಮೂಲೆಯಲ್ಲಿ. ನನ್ನ ಮೇಲೆ ಕುಡಿಯುವ ನೀರಿನ ಗಡಿಗೆ ಇಟ್ಟರು. ಕುಂಬಾರರ ಮನೆಯಲ್ಲಿ ಒಳ್ಳೆಯದು ಹೊರಗೆ ಹೋಗುತ್ತದೆ, ಆರಿಸಿ ಬಿಟ್ಟದ್ದು ಮನೆಗೆ ಉಳಿಯುತ್ತದೆ. ಅದು ಸಂಕವ್ವ ಕೆಳಗೆ ಚಾಚಿದ್ದ ಮೂಗಿ ಗಡಿಗೆಗಳಲ್ಲೊಂದು. ಹಗಲೂ ರಾತ್ರಿ ಅದರ ಬುಡದಿಂದ ನೀರು ಜಿನುಗಿ ನನ್ನ ಮೈ ಮೇಲೆ ಇಳಿಯುತ್ತಿತ್ತು. ಬಿಸಿಲು ಮಳೆಗಳಲ್ಲಿ ಓಡಿದಾಗ ಹಿಡಿಯದ ತುಕ್ಕು ನನಗೆ ಮನೆಯೊಳಗೆ ಹಿಡಿಯಿತು.

ಆ ಮೂಲೆಯಿಂದಲೇ ನಾನು ಕಂಡೆ. ಗಾಡಿ ಹೊರಡುವ ಮುಂಜಾನೆಗಳಲ್ಲಿ ಶಾವಂತ್ರಿ ಒಲೆಯ ಮುಂದೆ ಕೂತು ಹಿತ್ತಾಳೆ ಡಬ್ಬಿ ತೆರೆಯುತ್ತಿದ್ದಳು. ಸಾಲಾಗಿ ಇಟ್ಟ ಗಡಿಗೆಗಳನ್ನು ತಟ್ಟುತ್ತಿರಲಿಲ್ಲ. ಸುಮ್ಮನೆ ಒಂದೊಂದರ ಕೊರಳಿಗೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಮೊದಲ ದಿನ ಅವಳು ಸುಣ್ಣ ಹತ್ತಿದ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡಳು. "ಒತ್ತು, ಒತ್ತು. ಸುಣ್ಣದ ಮ್ಯಾಲೆ ಹೆಸರು ಬರದಿರತೈತೇನು?" ಎಂದ ಗಂಡ. ಕ್ರಮೇಣ ಒರೆಸಿಕೊಳ್ಳುವುದು ನಿಂತಿತು. ತಾಯಿಯಂತೆ ಕಲಿಸಿದವಳ ಗುರುತನ್ನು, ಅವಳೇ ಕೊಟ್ಟ ಡಬ್ಬಿಯಿಂದ, ಅವಳಿಲ್ಲದಾಗ ಒತ್ತುವುದನ್ನು ನೋಡುತ್ತ ನಾನು ತೊಯ್ಯುತ್ತ ಕೂತಿದ್ದೆ.

ಮುಂದಿನ ಬೇಸಿಗೆ ಪಕ್ಕದೂರಿನಲ್ಲಿ ಒಂದು ಮದುವೆ. ನಮ್ಮ ಕಡೆ ಮದುವೆಗೆ ಐರಣಿ ಗಡಿಗೆ ಬೇಕು. ಬಣ್ಣ ಬರೆದ ಆ ಗಡಿಗೆಗಳಲ್ಲಿ ನೀರು ತುಂಬಿ ದೇವರ ಮುಂದೆ ಇಡುತ್ತಾರೆ. ಬಿಳಿ ಹೆಬ್ಬೆಟ್ಟು ನೋಡಿ ತಂದ ಗಡಿಗೆ, ಹಂದರದ ಕೆಳಗೆ ಎಲ್ಲರ ಕಣ್ಣೆದುರಿಗೇ ತಳ ಬಿಟ್ಟಿತು. ನೀರು ಹರಿದು ಮದುಮಗಳ ಕಾಲು ತೊಯ್ಸಿತು. ಹಿರಿಯರು ಮುಖ ಮುಖ ನೋಡಿಕೊಂಡರು. ಮರುದಿನ ಒಡೆದ ಗಡಿಗೆಯ ಕೊರಳಿನ ಚೂರು ಹಿಡಿದುಕೊಂಡು ಅವರು ನೇರ ಹೋದದ್ದು ಸಂಕವ್ವನ ಮನೆಗೆ. ಗುರುತು ಅವಳದಲ್ಲವೇ?

ಆ ಸುದ್ದಿಯನ್ನು ಶಾವಂತ್ರಿಯೇ ಮನೆಗೆ ತಂದಳು. ಅಡಿಗೆಮನೆಗೆ ಬಂದವಳು ಕೊಡವನ್ನೂ ಕೆಳಗಿಳಿಸಲಿಲ್ಲ.

"ಏನ್ರಿ, ಅವ್ರು ಬಾಯಿಗೆ ಬಂದಂಗ ಅಂದ್ರಂತ. ಅತ್ತಿ ಆ ಚೂರು ಇಸಗೊಂಡು, ಬಿಸಲಿಗೆ ಹಿಡದು, ಹೆಬ್ಬೆಟ್ಟು ನೋಡಿದ್ರಂತ. ಭಾಳ ಹೊತ್ತು ನೋಡಿದ್ರಂತ."

"ನೋಡಿ?"

"ಅವರ ಹೆಬ್ಬೆಟ್ಟು ಮಣ್ಣು ತಿಕ್ಕಿ ತಿಕ್ಕಿ ಅಗಲಾಗೇತ್ರಿ, ನಡುವ ಸೀಳೂ ಐತಿ. ನಂದು ಸಣ್ಣದು. ಅವರಿಗೆ ತಿಳೀಲಿಲ್ಲಂತೀರೇನು? 'ನಂದ ತಪ್ಪು' ಅಂದ್ರಂತ. ತಮ್ಮ ಮನ್ಯಾಗಿನ ಗಡಿಗಿ ತಟ್ಟಿ, ಆರಿಸಿ ಕೊಟ್ಟು, ಕೈ ಮುಗದು ಕಳಿಸ್ಯಾರ. ನನ್ನ ಹೆಸರು ಎತ್ತಲಿಲ್ಲಂತ."

"ಛಲೋ ಆತಲ್ಲ," ಎಂದ ಈರಬಸು. "ಅಲ್ಲಿಗೆ ಮುಗೀತು."

ಶಾವಂತ್ರಿ ಕೊಡ ಇಳಿಸಿ, ನನ್ನ ಮುಂದೆಯೇ ನೆಲಕ್ಕೆ ಕೂತಳು. ನನ್ನ ತುಕ್ಕಿನ ಸಂದಿನಲ್ಲಿ ಎಲ್ಲೋ ಒಂದಿಷ್ಟು ಹಳೆಯ ಕುಂಕುಮ ಉಳಿದಿತ್ತು. ಅದನ್ನು ಉಗುರಿನಿಂದ ಮುಟ್ಟಿ ನೋಡಿದಳು. ಆವತ್ತಿನಿಂದ ಅವಳು ಡಬ್ಬಿ ತೆರೆಯಲಿಲ್ಲ. ಗಂಡ ಕೇಳಿದರೆ "ಸುಣ್ಣ ಒಣಗೇತ್ರಿ" ಎನ್ನುತ್ತಿದ್ದಳು. ಅವನು ಬೈದ, ಆಮೇಲೆ ಗುರುತಿಲ್ಲದೆಯೇ ಗಡಿಗೆ ಸಾಗಿಸಿದ. ಪೇಟೆಯ ಅಂಗಡಿಯವರು ಒಬ್ಬೊಬ್ಬರಾಗಿ ಕೈ ಕೊಡವಿದರು. ಈಗ ಅದೇ ಗಾಡಿ ಯಾರದೋ ಇಟ್ಟಿಗೆ ಭಟ್ಟಿಗೆ ದುಡಿಯುತ್ತದೆ. ಇಟ್ಟಿಗೆಗೆ ಹುಲ್ಲು ಹಾಸುವುದು ಬೇಡ, ತಟ್ಟಿ ನೋಡುವುದೂ ಬೇಡ.

ವರ್ಷ ತಿರುಗಿ ದಸರೆ ಬಂತು. ವಿಜಯದಶಮಿಯ ದಿನ ಕಿರಿಯರು ಹಿರಿಯರ ಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು ಕಾಲಿಗೆ ಬೀಳುವುದು ನಮ್ಮ ಕಡೆಯ ಪದ್ಧತಿ. ವರ್ಷದ ಮುನಿಸೆಲ್ಲ ಆ ಎಲೆಯ ಕೆಳಗೆ ಕರಗಬೇಕು. ಆ ಬೆಳಿಗ್ಗೆ ಶಾವಂತ್ರಿ ನೀರಿನ ಗಡಿಗೆಯನ್ನು ಇಳಿಸಿದಳು. ಹುಣಸೆಹಣ್ಣು, ಬೂದಿ ಹಚ್ಚಿ ನನ್ನನ್ನು ತಿಕ್ಕಿದಳು. ತುಕ್ಕು ಪೂರ್ತಿ ಹೋಗಲಿಲ್ಲ. ಹೋಗುವಂಥದ್ದೂ ಅಲ್ಲ. ಗೋಣಿಚೀಲದಲ್ಲಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಓಣಿಯ ತುದಿಗೆ ನಡೆದಳು. ದಾರಿಯಲ್ಲಿ ಈರಬಸುವಿನ ಗಾಡಿಯ ಹಾರ್ನು ಕೇಳಿಸಿತು. ಅದು ನಿಲ್ಲದೆ ಮುಂದೆ ಹೋಯಿತು.

ಈ ಮೈ ಮೂರು ಜನ್ಮ ಕಂಡಿದೆ. ಉರುಳಿದಾಗ ಒಬ್ಬನ ಬದುಕು ಹೊತ್ತೆ, ನಿಂತಾಗ ಒಬ್ಬಳ ಪಾದ ಹೊತ್ತೆ, ಮೂಲೆಯಲ್ಲಿದ್ದಾಗ ಒಂದು ಸುಳ್ಳಿನ ನೀರು ಹೊತ್ತೆ. ಬಿಗಿದ ಬೋಲ್ಟು ನನ್ನನ್ನು ಹಿಡಿದಿದೆ ಎಂದು ನಂಬಿದ್ದೆ. ನನ್ನನ್ನು ಹಿಡಿದಿದ್ದದ್ದು ಆಡಿದ ಮಾತು. ಅದು ಸಡಿಲವಾದ ಮೇಲೆ ಪಾನಾ ನೆಪ ಮಾತ್ರ. ಮೋಸ ಹೋದ ನೋವು ಕಬ್ಬಿಣದಲ್ಲಿ ತುಕ್ಕಿನಂತೆಯೇ ಕೂರುತ್ತದೆ. ತಿಕ್ಕಿದರೆ ತಿಳಿಯಾಗುತ್ತದೆ, ಇಲ್ಲವಾಗುವುದಿಲ್ಲ. ಶಿವ ಕೊಟ್ಟಂತೆ ಇರುವುದು ಎಂದು ಸಮಾಧಾನ ಮಾಡಿಕೊಂಡೆ.

ಸಂಕವ್ವ ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಆ ಕಟ್ಟೆ ಎತ್ತರ. ಹತ್ತಿಳಿಯಲು ಗೋಡೆ ಹಿಡಿದುಕೊಳ್ಳುತ್ತಾಳೆಂದು ಗೋಡೆಯ ಮೇಲಿನ ಕೈಗುರುತುಗಳು ಹೇಳುತ್ತಿದ್ದವು. ಶಾವಂತ್ರಿ ಗೋಣಿ ಬಿಚ್ಚಿ ನನ್ನನ್ನು ಕಟ್ಟೆಯ ಬುಡಕ್ಕೆ ಇಟ್ಟಳು. ಅಲುಗದಂತೆ ಎರಡು ಕಲ್ಲು ಒತ್ತುಕೊಟ್ಟಳು. ನನ್ನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಬನ್ನಿ ಎಲೆಗಳನ್ನು ಸಂಕವ್ವನ ಅಂಗೈಗೆ ಹಾಕಿ ಕಾಲಿಗೆ ಬಿದ್ದಳು.

"ಬನ್ನಿ ತಗೋರಿ ಅತ್ತಿ," ಎಂದಳು. ಬಂಗಾರದಂತೆ ಇರೋಣ ಎಂಬ ಮುಂದಿನ ಮಾತು ಅವಳ ಬಾಯಿಂದ ಹೊರಡಲಿಲ್ಲ.

ಸಂಕವ್ವ ಎಲೆ ಹಿಡಿದುಕೊಂಡು ನನ್ನನ್ನೇ ನೋಡಿದಳು. "ಸೊರಗೇತಿ," ಎಂದಳು, ಅಷ್ಟೇ.

ಶಾವಂತ್ರಿ ಸೆರಗಿನ ಗಂಟು ಬಿಚ್ಚಿ ಹಿತ್ತಾಳೆ ಡಬ್ಬಿ ತೆಗೆದು ನನ್ನ ಮೇಲೆ ಇಟ್ಟಳು. ಕಟ್ಟೆಯ ಮೇಲಿನ ಮುಖ ನೋಡದೆ, ಬಂದ ದಾರಿ ಹಿಡಿದು ಹೊರಟುಹೋದಳು. ಅವಳು ತಿರುವು ದಾಟಿದ ಮೇಲೆ ಸಂಕವ್ವ ಗೋಡೆ ಹಿಡಿಯದೆಯೇ ಬಗ್ಗಿ, ಡಬ್ಬಿಯ ಮುಚ್ಚಳ ತೆಗೆದಳು. ಹೊಸದಾಗಿ ಅರಳಿಸಿದ ಸುಣ್ಣ, ಅಂಚಿನ ತನಕ ತುಂಬಿತ್ತು. ಅದರ ಮೇಲೆ ಯಾರ ಹೆಬ್ಬೆಟ್ಟಿನ ಗುರುತೂ ಇರಲಿಲ್ಲ.